ಇರುಳ ಪಾಳಿಯ ಪೂರ್ವೋತ್ತರ

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ನಿದ್ರೆಯನ್ನು ಕುರಿತು ವಿವರಿಸುವಲ್ಲಿ, ರಾತ್ರಿಯ ಜಾಗರಣೆ ದೇಹದಲ್ಲಿ ರೂಕ್ಷತೆಯನ್ನು ಉಂಟುಮಾಡುವುದೆಂದೂ, ಗ್ರೀಷ್ಮವೊಂದನ್ನುಳಿದು ಮಿಕ್ಕ ಋತುಗಳಲ್ಲಿ ಹಗಲುನಿದ್ರೆ ಹಿತವಲ್ಲವೆಂದೂ ಹೇಳಿ, ಆ ಬಳಿಕ ಆ ನಿಯಮಕ್ಕೆ ಹೊರತಾದವರ ಒಂದು ಪಟ್ಟಿಯನ್ನು ಕೊಟ್ಟಿದೆ. ಬಾಲರು, ವೃದ್ಧರು, ಪೆಟ್ಟುತಿಂದವರು, ಶೋಕಾರ್ತರು ಮೊದಲಾದವರೊಡನೆ ಪ್ರಯಾಣದಿಂದಲೂ ಜಾಗರಣೆಯಿಂದಲೂ ಬಳಲಿದವರು ಆ ಪಟ್ಟಿಯಲ್ಲಿದ್ದಾರೆ. ಇರುಳೆಲ್ಲ ಎಚ್ಚರವಿದ್ದವನು ಯಾವ ಋತುವಿನಲ್ಲಿಯಾದರೂ ಹಗಲು ಮಲಗಬಹುದೆಂಬ ಈ ಅನುಮತಿ ಶಾಸ್ತ್ರಕಾರರ ಲೋಕಾನುಭವಕ್ಕೂ ಕಾರುಣ್ಯಕ್ಕೂ ಸಾಕ್ಷಿಯಾಗಿದೆ. ಆದರೆ ವೈದ್ಯನೆಂಬ ಒಂದು ವರ್ಗವೇ ನಿತ್ಯವೂ ಸರದಿಯ ಮೇಲೆ ಜಾಗರಣೆ ಮಾಡಬೇಕಾದ ಕಾಲವೊಂದು ಬರುವುದೆಂದು ಆ ಗ್ರಂಥಕಾರರು ಊಹಿಸಿರಲಾರರು. ಏಕೆಂದರೆ ಅಂದಿನ ವೈದ್ಯ ತನ್ನ ಮನೆಯಲ್ಲಿದ್ದನು, ರೋಗಿ ತನ್ನ ಮನೆಯಲ್ಲಿದ್ದನು, ನಡುರಾತ್ರಿಯಲ್ಲಿ ಯಾರಾದರೂ ಕಂದೀಲು ಹಿಡಿದು ಬಂದು ಬಾಗಿಲು ತಟ್ಟಿದರೆ ಎದ್ದು ಹೋಗುವುದೂ, ತಟ್ಟದಿದ್ದರೆ ಬೆಳಗಿನವರೆಗೆ ಮಲಗಿರುವುದೂ ಅವನ ಧರ್ಮವಾಗಿದ್ದಿತು. ರೋಗಿಯನ್ನು ಅವನ ಮನೆಯಿಂದ ಹೊರತಂದು ಆಸ್ಪತ್ರೆಯೆಂಬ ಒಂದು ಮಹಾಸೌಧದಲ್ಲಿ ಇರಿಸಿದ ಮೇಲೆಯೇ, ಅದರ ಬಾಗಿಲಲ್ಲಿ ಯಾರಾದರೊಬ್ಬರು ಸದಾ ಎಚ್ಚರವಾಗಿರಬೇಕೆಂಬ ಆವಶ್ಯಕತೆ ಹುಟ್ಟಿತು. ಆ ಒಬ್ಬರು ಯಾರು, ಎಷ್ಟು ಹೊತ್ತು, ಯಾವ ಬೆಲೆ ತೆತ್ತು ಎಂಬುದರ ಚರಿತ್ರೆಯನ್ನು ವೈದ್ಯಶಾಸ್ತ್ರದ ಇತಿಹಾಸಗಳು ಔಷಧಗಳ ಮತ್ತು ಶಸ್ತ್ರಕ್ರಿಯೆಗಳ ಚರಿತ್ರೆಗಿಂತ ಬಹಳ ಸಂಕ್ಷೇಪವಾಗಿ ಹೇಳಿ ಮುಗಿಸಿಬಿಡುತ್ತವೆ.

ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ಹತ್ತೊಂಬತ್ತನೆಯ ಶತಮಾನದ ಆರಂಭಕ್ಕೆ ಒಂದು ಪದ್ಧತಿ ಇದ್ದಿತು. ಶಸ್ತ್ರವೈದ್ಯರ ಕೈಕೆಳಗೆ ಡ್ರೆಸ್ಸರ್ ಎಂದು ಕರೆಯಲ್ಪಡುವ ತರುಣ ವಿದ್ಯಾರ್ಥಿಗಳಿರುತ್ತಿದ್ದರು. ಅವರಲ್ಲಿ ಒಬ್ಬೊಬ್ಬನು ಸರದಿಯಂತೆ ಒಂದೊಂದು ವಾರ ಆಸ್ಪತ್ರೆಯೊಳಗೇ ವಾಸವಾಗಿದ್ದು, ಹಗಲಿರುಳೆನ್ನದೆ ಬಂದ ಅಪಘಾತಗಳನ್ನೂ ಗಾಯಗಳನ್ನೂ ನೋಡಿಕೊಳ್ಳಬೇಕಾಗಿದ್ದಿತು. 1816ರಲ್ಲಿ ಹೀಗೆ ಡ್ರೆಸ್ಸರನಾಗಿ ದುಡಿದವರಲ್ಲಿ, ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ತಲೆಮಾರುಗಳಿಂದ ಓದಿಕೊಂಡು ಬಂದ ಕವಿ ಜಾನ್ ಕೀಟ್ಸ್ ಒಬ್ಬನು. ಮರುವರ್ಷವೇ ಅವನು ವೈದ್ಯವೃತ್ತಿಯನ್ನು ಬಿಟ್ಟು ಕಾವ್ಯಕ್ಕೆ ತನ್ನನ್ನು ಕೊಟ್ಟುಕೊಂಡನು. ಅರಿವಳಿಕೆಯಿನ್ನೂ ಕಂಡುಹಿಡಿಯಲ್ಪಡದಿದ್ದ ಆ ದಿನಗಳಲ್ಲಿ ಆಸ್ಪತ್ರೆಯ ಒಂದು ವಾರದ ಇರುಳುಗಳು ಇಪ್ಪತ್ತರ ಪ್ರಾಯದ ಮನಸ್ಸಿನ ಮೇಲೆ ಏನು ಮಾಡಿರಬಹುದೆಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಸರದಿ ವಾರಕ್ಕೊಮ್ಮೆ ಬದಲಾಗುತ್ತಿದ್ದುದೇ ದೊಡ್ಡ ಉಪಕಾರವೆಂಬಂತಿದ್ದಿತು. ಅಮೆರಿಕದಲ್ಲಿ ಅಂತರ್ಯುದ್ಧ ಮುಗಿದ ಕೆಲವು ವರ್ಷಗಳಲ್ಲಿ, 1869ರಲ್ಲಿ, ಯುದ್ಧವೈದ್ಯನಾಗಿದ್ದ ಎಡ್ವರ್ಡ್ ಡಾಲ್ಟನ್ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯಲ್ಲಿ ಕುದುರೆ ಹೂಡಿದ ಆಂಬುಲೆನ್ಸುಗಳ ಸೇವೆಯನ್ನು ಆರಂಭಿಸಿದ ಮೇಲೆ, ರೋಗಿಯನ್ನು ಕಾದು ಕುಳಿತಿರುವ ಕೆಲಸದ ಜೊತೆಗೆ ಅವನನ್ನು ಬೀದಿಯಿಂದ ಹೊತ್ತು ತರುವ ಕೆಲಸವೂ ತರುಣ ವೈದ್ಯರ ಹೆಗಲೇರಿತು.

ಆದರೂ ವೈದ್ಯನ ಅನಿದ್ರೆಯನ್ನು ಒಂದು ವ್ರತವನ್ನಾಗಿ, ವಿದ್ಯಾಭ್ಯಾಸದ ಅವಿಭಾಜ್ಯ ಅಂಗವನ್ನಾಗಿ ಮಾಡಿದ ಕೀರ್ತಿಯೋ ಅಪಕೀರ್ತಿಯೋ ಸಲ್ಲಬೇಕಾದುದು ಬಾಲ್ಟಿಮೋರ್ ನಗರಕ್ಕೆ. ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ 1889ರಲ್ಲಿ ತೆರೆದಾಗ ಅಲ್ಲಿ ವಿಲಿಯಂ ಆಸ್ಲರ್ ಕಾಯಚಿಕಿತ್ಸೆಗೂ ವಿಲಿಯಂ ಹಾಲ್‌ಸ್ಟೆಡ್ ಶಸ್ತ್ರಚಿಕಿತ್ಸೆಗೂ ಬಂದು ಸೇರಿದರು. ಜರ್ಮನಿ ಮತ್ತು ಆಸ್ಟ್ರಿಯಾ ದೇಶಗಳ ವಿಶ್ವವಿದ್ಯಾಲಯಗಳಲ್ಲಿ ತಾವು ಕಂಡಿದ್ದ ಕ್ರಮವನ್ನು ಅನುಸರಿಸಿ, ಪದವಿ ಪಡೆದ ಯುವಕರನ್ನು ಆಸ್ಪತ್ರೆಯ ಆವರಣದೊಳಗೇ ವರ್ಷಗಟ್ಟಲೆ ಇರಿಸಿಕೊಂಡು, ಕ್ರಮಕ್ರಮವಾಗಿ ಹೆಚ್ಚಿನ ಹೊಣೆಯನ್ನು ಒಪ್ಪಿಸುತ್ತ ಪಕ್ವಗೊಳಿಸುವ ಪದ್ಧತಿಯನ್ನು ಅವರು ನೆಲೆಗೊಳಿಸಿದರು. ಇಂದು ಜಗತ್ತಿನಾದ್ಯಂತ ರೆಸಿಡೆಂಟ್ ಎಂದು ಕರೆಯಲ್ಪಡುವ ವೈದ್ಯನು ಆಗ ಅಕ್ಷರಶಃ ಆಸ್ಪತ್ರೆಯ ನಿವಾಸಿಯೇ ಆಗಿದ್ದನು. ಅವನಿಗೆ ದೊರೆಯುತ್ತಿದ್ದುದು ಊಟ, ವಸತಿ ಮತ್ತು ಒಗೆದ ಬಟ್ಟೆ. ವಿವಾಹವಾಗುವುದನ್ನು ಗುರುಗಳು ಮೆಚ್ಚುತ್ತಿರಲಿಲ್ಲ. ಮನೆಗೆ ಹೋಗುವ ಹೊತ್ತೆಂಬುದು ನಿಶ್ಚಿತವಾಗಿರಲಿಲ್ಲ. ಹಾಲ್‌ಸ್ಟೆಡ್ ತನ್ನ ಮೂವತ್ತಮೂರು ವರ್ಷಗಳ ಆಚಾರ್ಯತ್ವದಲ್ಲಿ ಮುಖ್ಯ ರೆಸಿಡೆಂಟರೆಂದು ಪೂರ್ಣ ತರಬೇತಿಗೊಳಿಸಿದವರು ಕೇವಲ 17 ಮಂದಿ. ಆದರೆ ಆ ಹದಿನೇಳು ಮಂದಿ ಮತ್ತು ಅವರ ಶಿಷ್ಯರು ಅಮೆರಿಕದ ಅನೇಕ ಶಸ್ತ್ರಚಿಕಿತ್ಸಾ ಪೀಠಗಳನ್ನು ಆಕ್ರಮಿಸಿದುದರಿಂದ, ಒಂದು ಆಸ್ಪತ್ರೆಯ ಗೃಹನಿಯಮವಾಗಿದ್ದುದು ಒಂದು ರಾಷ್ಟ್ರದ ಸಂಪ್ರದಾಯವಾಯಿತು.

ಹಾಲ್‌ಸ್ಟೆಡ್‌ನ ಜೀವನದಲ್ಲಿ ಒಂದು ದಾರುಣವಾದ ಅಧ್ಯಾಯವಿದೆ. 1884ರ ಸುಮಾರಿಗೆ ಕೊಕೇನನ್ನು ಸ್ಥಾನಿಕ ಅರಿವಳಿಕೆಯಾಗಿ ಬಳಸಬಹುದೇ ಎಂದು ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡ ಅವನು ಅದಕ್ಕೆ ದಾಸನಾದನು. ಚಿಕಿತ್ಸೆಗೆಂದು ಸೇರಿದ ಮೇಲೆ ಮಾರ್ಫೀನಿನ ಅಭ್ಯಾಸ ಅಂಟಿಕೊಂಡಿತು. ಆ ಅಭ್ಯಾಸ ಬಾಲ್ಟಿಮೋರಿನಲ್ಲಿಯೂ ಮುಂದುವರಿದಿತ್ತೆಂಬುದು, ಆಸ್ಲರ್ ಬರೆದು ಮುದ್ರೆ ಹಾಕಿಸಿಟ್ಟಿದ್ದ ಗ್ರಂಥವೊಂದನ್ನು 1969ರಲ್ಲಿ ತೆರೆದ ಮೇಲೆ ಲೋಕಕ್ಕೆ ತಿಳಿಯಿತು. ಈಚಿನ ಕೆಲವರು ಇದನ್ನೇ ಹಿಡಿದುಕೊಂಡು, ನಿದ್ರೆಯಿಲ್ಲದ ದುಡಿಮೆಯ ಆದರ್ಶವೆಲ್ಲ ಒಬ್ಬ ವ್ಯಸನಿಯ ಕೃತಕ ಚೈತನ್ಯದಿಂದ ಹುಟ್ಟಿತೆಂದು ಬರೆಯುತ್ತಾರೆ. ನನಗೆ ಈ ನಿರ್ಣಯ ನ್ಯಾಯವೆಂದು ತೋರುವುದಿಲ್ಲ. ಹಾಲ್‌ಸ್ಟೆಡ್ ಸ್ವತಃ ತಿಂಗಳುಗಟ್ಟಲೆ ಬೇಸಗೆಯಲ್ಲಿ ಆಸ್ಪತ್ರೆಯಿಂದ ದೂರವಿರುತ್ತಿದ್ದವನು. ಅವನ ಗೈರುಹಾಜರಿಯಲ್ಲಿ ವಾರ್ಡುಗಳನ್ನು ನಡೆಸಿದವರು ಆ ನಿವಾಸಿ ಶಿಷ್ಯರು. ಆ ಪದ್ಧತಿಗೆ ನಿಜವಾದ ಆಧಾರವಾಗಿದ್ದುದು ಅಗ್ಗವಾಗಿ, ಅವಿವಾಹಿತವಾಗಿ, ಅವಧಿಯ ಮಿತಿಯಿಲ್ಲದೆ ದೊರೆಯುತ್ತಿದ್ದ ತಾರುಣ್ಯ. ಅಂದಿನ ರೋಗಿಗಳಾದರೂ ಇಂದಿನವರಂತಿರಲಿಲ್ಲ. ವಾರಗಟ್ಟಲೆ ಹಾಸಿಗೆಯಲ್ಲಿ ಮಲಗಿ ಜ್ವರವಿಳಿಯುವುದನ್ನು ಕಾಯುತ್ತಿದ್ದವರೇ ಹೆಚ್ಚು. ಇರುಳಿನಲ್ಲಿ ಮಾಡಬಹುದಾದ ಚಿಕಿತ್ಸೆಯೂ ಕಡಿಮೆ. ನಿವಾಸಿ ವೈದ್ಯನಿಗೆ ಹೇಗೋ ನಾಲ್ಕಾರು ಗಂಟೆ ನಿದ್ರೆ ಸಿಕ್ಕುತ್ತಿದ್ದಿತು. ಮುಂದೆ ರಕ್ತಪೂರಣ, ಕೃತಕ ಉಸಿರಾಟ, ಹೃದಯದ ಲಯವನ್ನು ನಿಮಿಷನಿಮಿಷಕ್ಕೂ ತೋರಿಸುವ ಯಂತ್ರಗಳು, ಇವೆಲ್ಲ ಬಂದು ಇರುಳನ್ನು ಹಗಲಿನಷ್ಟೇ ಕಾರ್ಯನಿಬಿಡವಾಗಿ ಮಾಡಿದ ಮೇಲೂ ಹಳೆಯ ಲೆಕ್ಕವೇ ಉಳಿದುಕೊಂಡಿತೆಂಬುದು ಈ ಚರಿತ್ರೆಯ ಮುಖ್ಯವಾದ ದುಃಖ.

ನಮ್ಮ ದೇಶಕ್ಕೆ ಈ ಪದ್ಧತಿ ಲಂಡನ್ನಿನ ದಾರಿಯಿಂದ ಬಂದಿತು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಗೆ 1897ರಲ್ಲಿ ರಾಜಪ್ರತಿನಿಧಿ ಮಹಾರಾಣಿಯವರು ಅಸ್ತಿಭಾರವಿಟ್ಟು, 1900ರ ಡಿಸೆಂಬರಿನಲ್ಲಿ ಲಾರ್ಡ್ ಕರ್ಜನ್ ಅದನ್ನು ತೆರೆದನು. ಮೈಸೂರು ಸಂಸ್ಥಾನದ ವೈದ್ಯಕೀಯ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಸ್ಥಳಾಂತರಗೊಂಡಿತು. ಅಂತಿಮ ಪರೀಕ್ಷೆ ಮುಗಿಸಿದ ತರುಣರು ಹೌಸ್ ಸರ್ಜನ್ನರಾಗಿ ವರ್ಷಕಾಲ ದುಡಿಯುವುದು, ಯೂನಿಟ್ಟಿನ ಅಡ್ಮಿಶನ್ ದಿನ ಬೆಳಗ್ಗೆ ಕ್ಯಾಶುಯಾಲ್ಟಿಗೆ ಇಳಿದವರು ಮರುದಿನದ ರೌಂಡ್ಸು ಮುಗಿಯುವ ತನಕ ಮನೆಯ ಮುಖ ಕಾಣದಿರುವುದು, ಇವೆಲ್ಲ ನಮ್ಮ ಬೋಧನಾಸ್ಪತ್ರೆಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ನಡೆದುಬಂದ ಕ್ರಮ. ಇದೇ ಅವಧಿಯಲ್ಲಿ ಶ್ರಮಜೀವಿಗಳ ಲೋಕದಲ್ಲಿ ಬೇರೊಂದು ಪ್ರವಾಹ ಹರಿಯುತ್ತಿದ್ದಿತು. 1922ರ ತಿದ್ದುಪಡಿ ಭಾರತದ ಕಾರ್ಖಾನೆಯ ಕಾರ್ಮಿಕನಿಗೆ ವಾರಕ್ಕೆ 60 ಗಂಟೆಗಳ ಮಿತಿಯನ್ನು ವಿಧಿಸಿತು; ಸ್ವಾತಂತ್ರ್ಯಾನಂತರದ 1948ರ ಕಾಯಿದೆ ಮಿತಿಯನ್ನು ವಾರಕ್ಕೆ 48, ದಿನಕ್ಕೆ 9 ಗಂಟೆಯೆಂದು ಗೊತ್ತುಪಡಿಸಿತು. ಬೆಂಗಳೂರಿನ ಬಿನ್ನಿ ಗಿರಣಿಯಲ್ಲಿ ನೂಲೆಳೆಯುವವನಿಗೆ ದೊರೆತ ಈ ರಕ್ಷೆ, ಅದೇ ಊರಿನ ಆಸ್ಪತ್ರೆಯಲ್ಲಿ ಅವನ ಕತ್ತರಿಸಿದ ಬೆರಳನ್ನು ನಡುರಾತ್ರಿ ಹೊಲಿಯುವವನಿಗೆ ದೊರೆಯಲಿಲ್ಲ. ವೈದ್ಯವೃತ್ತಿ ಸೇವೆ, ಅದಕ್ಕೆ ಗಂಟೆಯ ಲೆಕ್ಕವೆಲ್ಲಿಯದು ಎಂಬ ಗೌರವದ ಮಾತೇ ಆ ವಂಚನೆಗೆ ಆವರಣವಾಯಿತು. ಆ ಮಾತನ್ನು ಆಡಿದವರು ಸದ್ಭಾವದಿಂದಲೇ ಆಡಿದರೆಂದು ನಾನು ನಂಬುತ್ತೇನೆ. ಆದರೆ ಆ ಸದ್ಭಾವದ ವೆಚ್ಚವನ್ನು ಭರಿಸಿದವರು ಬೇರೆಯವರು.

ಗಂಟೆಯ ಲೆಕ್ಕದ ಪಾಳಿಯನ್ನು ತನ್ನದಾಗಿ ಮಾಡಿಕೊಂಡ ವೈದ್ಯಶಾಖೆ ತುರ್ತು ಚಿಕಿತ್ಸೆ. ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೆ ಯಾವ ದೇಶದಲ್ಲಿಯೂ ಅದು ಒಂದು ಶಾಸ್ತ್ರವೆನಿಸಿರಲಿಲ್ಲ. ಆಸ್ಪತ್ರೆಯ ನೆಲಮಹಡಿಯ ಮೂಲೆಯೊಂದರಲ್ಲಿ, ಅತ್ಯಂತ ಕಿರಿಯನಾದವನನ್ನೋ ಅಥವಾ ಬೇರಾವುದೋ ವಿಭಾಗದವನನ್ನೋ ಸರದಿಯ ಮೇಲೆ ಕೂರಿಸುವುದೇ ರೂಢಿಯಾಗಿದ್ದಿತು. ಚರ್ಮರೋಗದ ತಜ್ಞನು ಹೃದಯಾಘಾತವನ್ನೂ, ಕಣ್ಣಿನ ವೈದ್ಯನು ಹೊಟ್ಟೆಯ ಇರಿತವನ್ನೂ ನೋಡಬೇಕಾಗಿ ಬರುವ ಪ್ರಸಂಗಗಳು ಅಪರೂಪವಾಗಿರಲಿಲ್ಲ. ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ 1952ರಲ್ಲಿ ಮಾರಿಸ್ ಎಲ್ಲಿಸ್ ಎಂಬವರು ಕ್ಯಾಶುಯಾಲ್ಟಿಗೆಂದೇ ನಿಯುಕ್ತರಾದ ಹಿರಿಯ ವೈದ್ಯರಾದರು. ಆ ದೇಶದಲ್ಲಿ ಅವರೇ ಮೊದಲಿಗರು. ಅಮೆರಿಕದಲ್ಲಿ ವರ್ಜೀನಿಯಾ ಪ್ರಾಂತದ ಅಲೆಗ್ಸಾಂಡ್ರಿಯಾ ಆಸ್ಪತ್ರೆಯಲ್ಲಿ ಜೇಮ್ಸ್ ಮಿಲ್ಸ್ ಎಂಬ ವೈದ್ಯರು 1961ರಲ್ಲಿ ಒಂದು ಸಾಹಸಕ್ಕೆ ಕೈಹಾಕಿದರು. ಊರಿನಲ್ಲಿ ಬೇರೂರಿದ್ದ ತಮ್ಮ ಖಾಸಗಿ ವೃತ್ತಿಯನ್ನು ಮುಚ್ಚಿ, ಇನ್ನು ಮೂವರು ವೈದ್ಯರನ್ನು ಜೊತೆಗೂಡಿಸಿಕೊಂಡು, ವರ್ಷದ ಎಲ್ಲ ದಿನವೂ ದಿನದ ಎಲ್ಲ ಗಂಟೆಯೂ ತುರ್ತು ವಿಭಾಗವನ್ನು ತಾವೇ ನಡೆಸುವುದಾಗಿ ಒಪ್ಪಿಕೊಂಡರು. ಅದೇ ವರ್ಷ ಮಿಷಿಗನ್ ಪ್ರಾಂತದ ಪಾಂಟಿಯಾಕಿನಲ್ಲಿ ಸುಮಾರು ಮೂವತ್ತು ಮಂದಿ ವೈದ್ಯರು ತಂತಮ್ಮ ವೃತ್ತಿಯನ್ನು ಉಳಿಸಿಕೊಂಡೇ ಸರದಿ ಹಂಚಿಕೊಳ್ಳುವ ಇನ್ನೊಂದು ಕ್ರಮವನ್ನು ಆರಂಭಿಸಿದರು. ಕಾಲಕ್ರಮದಲ್ಲಿ ಗೆದ್ದುದು ಅಲೆಗ್ಸಾಂಡ್ರಿಯಾದ ಕ್ರಮ.

ಅಲ್ಲಿನ ನಾಲ್ಕು ಎಂಬ ಸಂಖ್ಯೆಯನ್ನು ಓದುಗರು ಗಮನಿಸಬೇಕು. ವಾರಕ್ಕೆ 168 ಗಂಟೆಗಳು. ನಾಲ್ವರಿಗೆ ಹಂಚಿದರೆ ತಲೆಗೆ 42. ಒಂದೇ ಒಂದು ಕುರ್ಚಿಯನ್ನು ಎಂದೂ ಬರಿದಾಗದಂತೆ ಕಾಯಬೇಕಾದರೆ, ಕಾಯುವವರು ಮನುಷ್ಯರಂತೆ ಬದುಕಬೇಕಾದರೆ, ನಾಲ್ಕು ಜನ ಬೇಕು. ಯಾರಿಗಾದರೂ ಜ್ವರ ಬಂದರೆ, ರಜೆ ಬೇಕಾದರೆ, ಐದನೆಯವನು ಬೇಕು. ಈ ಅಂಕಗಣಿತ ಅತಿ ಸರಳವಾದುದು. ಮುಂದಿನ ಅರುವತ್ತು ವರ್ಷಗಳಲ್ಲಿ ವೈದ್ಯರ ದುಡಿಮೆಯ ಅವಧಿಯನ್ನು ಕುರಿತು ಲೋಕದಲ್ಲಿ ನಡೆದ ವಾದವಿವಾದಗಳೆಲ್ಲ, ಸೂಕ್ಷ್ಮವಾಗಿ ನೋಡಿದರೆ, ಈ ಲೆಕ್ಕವನ್ನು ಒಪ್ಪಿಕೊಳ್ಳದೆ ಬೇರೆ ದಾರಿ ಹುಡುಕಿದ ಪ್ರಯತ್ನಗಳೇ ಆಗಿವೆ. ಮಿಲ್ಸರ ಪ್ರಯೋಗದಿಂದ ಹುರುಪುಗೊಂಡು 1968ರಲ್ಲಿ ಜಾನ್ ವೀಗೆನ್‌ಸ್ಟೈನ್ ಮೊದಲಾದ ಕೆಲವರು ಮಿಷಿಗನ್ನಿನ ಲ್ಯಾನ್ಸಿಂಗಿನಲ್ಲಿ ತುರ್ತು ವೈದ್ಯರ ಸಂಘವನ್ನು ಕಟ್ಟಿದರು. 1970ರಲ್ಲಿ ಸಿನ್ಸಿನಾಟಿ ವಿಶ್ವವಿದ್ಯಾಲಯ ಈ ಶಾಖೆಯ ಮೊದಲ ರೆಸಿಡೆನ್ಸಿಯನ್ನು ತೆರೆಯಿತು. 1979ರಲ್ಲಿ ಅಮೆರಿಕ ಅದನ್ನು ಸ್ವತಂತ್ರ ತಜ್ಞಶಾಖೆಯೆಂದು ಅಂಗೀಕರಿಸಿತು. ಪಾಳಿ ಮುಗಿದ ಕೂಡಲೇ ರಿಲೀವರಿಗೆ ಒಪ್ಪಿಸಿ ಮನೆಗೆ ಹೋಗಬಹುದಾದ, ಹೋದ ಮೇಲೆ ಫೋನು ಮೊಳಗದ, ಎರಡು ಪಾಳಿಗಳ ನಡುವಿನ ಹೊತ್ತೆಲ್ಲ ತನ್ನದೇ ಆಗಿರುವ ವೈದ್ಯಜೀವನವೊಂದು ಹೀಗೆ ಪ್ರಪ್ರಥಮವಾಗಿ ಸಾಧ್ಯವಾಯಿತು. ಅನೇಕ ತರುಣರು, ಅದರಲ್ಲಿಯೂ ಮಕ್ಕಳನ್ನು ಸಾಕಬೇಕಾದ ತಾಯಂದಿರು, ಈ ಶಾಖೆಯ ಕಡೆ ಒಲಿದುದಕ್ಕೆ ಇದೂ ಒಂದು ಕಾರಣ.

ಆದರೆ ಗಂಟೆಗಳನ್ನು ಸಮನಾಗಿ ಹಂಚಿದರೂ ಗಂಟೆಗಳೆಲ್ಲ ಸಮನಲ್ಲವೆಂಬುದು ಬೇಗನೆ ಅನುಭವಕ್ಕೆ ಬಂದಿತು. 1938ರ ಬೇಸಗೆಯಲ್ಲಿ ನಥಾನಿಯಲ್ ಕ್ಲೈಟ್‌ಮನ್ ಎಂಬ ವಿಜ್ಞಾನಿ ತನ್ನ ಶಿಷ್ಯನೊಡನೆ ಕೆಂಟಕಿಯ ಮ್ಯಾಮತ್ ಗುಹೆಯೊಳಗೆ, ಸೂರ್ಯನ ಬೆಳಕು ಸೋಂಕದ ಕತ್ತಲಲ್ಲಿ, ಒಂದು ತಿಂಗಳಿಗೂ ಮಿಕ್ಕಿ ವಾಸಮಾಡಿ, ದಿನವನ್ನು 28 ಗಂಟೆಗಳಿಗೆ ಹಿಗ್ಗಿಸಿದರೆ ದೇಹ ಒಗ್ಗಿಕೊಳ್ಳುವುದೇ ಎಂದು ಪರೀಕ್ಷಿಸಿದನು. ಕಿರಿಯನಾದ ಶಿಷ್ಯನ ದೇಹ ಹೊಸ ಲಯಕ್ಕೆ ಒಗ್ಗಿತು. ಗುರುವಿನ ದೇಹದ ಉಷ್ಣತೆ ಮಾತ್ರ ಹಠ ಹಿಡಿದಂತೆ 24 ಗಂಟೆಗಳ ಏರಿಳಿತವನ್ನೇ ಅನುಸರಿಸಿತು. ಒಳಗೊಂದು ಗಡಿಯಾರವಿದೆಯೆಂಬ ಈ ಊಹೆಯನ್ನು ಹಣ್ಣುನೊಣದ ಜೀನುಗಳಲ್ಲಿ ಹುಡುಕಿ ತೆಗೆದ ಮೂವರಿಗೆ 2017ರಲ್ಲಿ ನೊಬೆಲ್ ಪಾರಿತೋಷಿಕ ಬಂದುದು ಇತ್ತೀಚಿನ ಸಂಗತಿ. ನಸುಕಿನ ಮೂರರಿಂದ ಐದರವರೆಗೆ ಆ ಗಡಿಯಾರ ದೇಹವನ್ನು ಅತ್ಯಂತ ಕೆಳಕ್ಕೆ ಇಳಿಸುತ್ತದೆ. ದೇಹದ ಶಾಖ ಕುಗ್ಗುವುದು, ದೃಷ್ಟಿ ಮಂಕಾಗುವುದು, ನಿರ್ಣಯಶಕ್ತಿ ತಡವರಿಸುವುದು ಆ ಹೊತ್ತಿನಲ್ಲಿಯೇ. ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು 1997ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಸತತವಾಗಿ 17 ಗಂಟೆ ಎಚ್ಚರವಿದ್ದವನ ಕೈಕಣ್ಣುಗಳ ಹೊಂದಾಣಿಕೆ, ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯಸಾರವಿದ್ದವನ ಮಟ್ಟಕ್ಕೆ ಇಳಿದಿದ್ದಿತು. ನಮ್ಮ ಮೋಟಾರು ವಾಹನ ಕಾಯಿದೆ ಚಾಲಕನಿಗೆ ಅನುಮತಿಸುವ ಮಿತಿ ಶೇಕಡಾ 0.03. ಲಾರಿಯ ಚಕ್ರ ಹಿಡಿಯಲು ಅನರ್ಹವೆನ್ನಿಸುವ ಸ್ಥಿತಿಯಲ್ಲಿ ಶ್ವಾಸನಾಳಕ್ಕೆ ಕೊಳವೆ ಇಳಿಸುವುದನ್ನು ಯಾವ ಕಾಯಿದೆಯೂ ತಡೆಯುವುದಿಲ್ಲ.

ಮನೆಯ ಕಡೆಗೆ ತಿರುಗಿದರೆ, ಪಾಳಿಯ ವೈದ್ಯನ ಸಂಸಾರಕ್ಕೆ ಅದರದೇ ಆದ ಪಂಚಾಂಗವಿದೆ. ನೈಟ್ ಡ್ಯೂಟಿ ಮುಗಿಸಿ ಬೆಳಗ್ಗೆ ಒಂಬತ್ತಕ್ಕೆ ಮನೆ ಸೇರಿದವರು ಕಿಟಕಿಗೆ ಪರದೆ ಎಳೆದು ಮಲಗುವ ಹೊತ್ತಿಗೆ ಬೀದಿಯಲ್ಲಿ ಸೊಪ್ಪಿನವರ ಕೂಗು, ಪಕ್ಕದ ಮನೆಯ ಕುಕ್ಕರಿನ ಸಿಳ್ಳು, ಪಾತ್ರೆಯ ಸದ್ದು, ಬಾಗಿಲ ಗಂಟೆ; ಹಗಲಿನ ನಿದ್ರೆ ಇರುಳಿನದಕ್ಕಿಂತ ಒಂದೆರಡು ಗಂಟೆ ಮೊಟಕಾಗಿಯೇ ಮುಗಿಯುವುದು. ಶಾಲೆಯಿಂದ ಬಂದ ಮಗುವಿಗೆ ಅಮ್ಮ ಮಲಗಿದ್ದಾಳೆ, ಸದ್ದು ಮಾಡಬೇಡವೆಂದು ಅಜ್ಜಿ ತುಟಿಯ ಮೇಲೆ ಬೆರಳಿಟ್ಟು ಹೇಳುವ ಮನೆಗಳು ನಮ್ಮ ನಗರಗಳಲ್ಲಿ ಈಗ ವಿರಳವಲ್ಲ. ದೀಪಾವಳಿಯ ರಾತ್ರಿ ಸುಟ್ಟಗಾಯಗಳ ರಾತ್ರಿ, ಹೊಸವರ್ಷದ ರಾತ್ರಿ ಅಪಘಾತಗಳ ರಾತ್ರಿ. ಊರು ಸಂಭ್ರಮಿಸುವ ದಿನವೇ ರೋಸ್ಟರಿನಲ್ಲಿ ಹೆಚ್ಚು ಜನರನ್ನು ಬರೆಯಬೇಕಾಗುವುದರಿಂದ, ಹಬ್ಬದೂಟಕ್ಕೆ ಎಲೆ ಹಾಕಿ ಕಾದವರು ಕೊನೆಗೆ ಎಲೆ ಮಡಿಸುವುದೂ ಉಂಟು. ದಂಪತಿಗಳಿಬ್ಬರೂ ವೈದ್ಯರಾಗಿದ್ದರೆ ಒಬ್ಬರ ಬೆಳಗು ಇನ್ನೊಬ್ಬರ ಇರುಳಾಗಿ, ಅಡುಗೆಮನೆಯ ಮೇಜಿನ ಮೇಲಿಟ್ಟ ಚೀಟಿಯಲ್ಲಿಯೇ ಸಂಭಾಷಣೆ ನಡೆಯುವ ವಾರಗಳಿರುತ್ತವೆ. ಇದಕ್ಕಿಂತ ಘೋರವಾದುದು ಹಿಂದಿರುಗುವ ದಾರಿ. 24 ಗಂಟೆಗೂ ಮಿಕ್ಕ ದುಡಿಮೆಯ ಬಳಿಕ ಕಾರು ನಡೆಸಿದ ಅಮೆರಿಕದ ಇಂಟರ್ನ್‌ಗಳು ಅಪಘಾತಕ್ಕೀಡಾಗುವ ಸಂಭವ ಇಮ್ಮಡಿಗಿಂತ ಹೆಚ್ಚೆಂದು 2005ರ ಅಧ್ಯಯನವೊಂದು ತೋರಿಸಿತು. ಇನ್ನು ದೀರ್ಘಕಾಲದ ಪರಿಣಾಮವನ್ನು ಹೇಳುವುದಾದರೆ, ದೇಹದ ಲಯವನ್ನು ಕೆಡಿಸುವ ಪಾಳಿಯ ದುಡಿಮೆ ಅರ್ಬುದರೋಗಕ್ಕೆ ಪ್ರಾಯಶಃ ಕಾರಣವಾಗಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನಾ ವಿಭಾಗ 2007ರಲ್ಲಿ ವರ್ಗೀಕರಿಸಿತು.

ವೈದ್ಯನ ದಣಿವನ್ನು ವೈದ್ಯನ ಸಂಕಟವೆಂದು ಹೇಳಿದಷ್ಟು ಕಾಲ ಲೋಕ ಕಿವಿಗೊಡಲಿಲ್ಲ. 1971ರಲ್ಲಿಯೇ ನ್ಯೂಯಾರ್ಕಿನ ಮೂವರು ವೈದ್ಯರು 14 ಇಂಟರ್ನ್‌ಗಳನ್ನು ಪರೀಕ್ಷಿಸಿ, ನಿದ್ರೆಗೆಟ್ಟವರು ಇ.ಸಿ.ಜಿ.ಯಲ್ಲಿ ಹೃದಯದ ಲಯದೋಷವನ್ನು ಗುರುತಿಸುವಾಗ ಗಣನೀಯವಾಗಿ ಹೆಚ್ಚು ತಪ್ಪುಗಳನ್ನು ಮಾಡುವರೆಂದು ಬರೆದಿದ್ದರು. ಅದರಿಂದ ಒಂದು ರೋಸ್ಟರೂ ಬದಲಾಗಲಿಲ್ಲ. ಬದಲಾವಣೆಗೆ ಒಂದು ಸಾವು ಬೇಕಾಯಿತು. 1984ರ ಮಾರ್ಚ್ 4ರ ರಾತ್ರಿ ಲಿಬ್ಬಿ ಝಯಾನ್ ಎಂಬ ಹದಿನೆಂಟು ವರ್ಷದ ಕಾಲೇಜು ವಿದ್ಯಾರ್ಥಿನಿಯನ್ನು ಜ್ವರ ಮತ್ತು ಕಂಪನಗಳಿಂದ ನರಳುತ್ತಿದ್ದ ಸ್ಥಿತಿಯಲ್ಲಿ ನ್ಯೂಯಾರ್ಕ್ ಹಾಸ್ಪಿಟಲಿನ ತುರ್ತು ವಿಭಾಗಕ್ಕೆ ಕರೆತಂದರು. ಅವಳು ಫಿನೆಲ್ಜೀನ್ ಎಂಬ ಖಿನ್ನತೆಯ ಔಷಧವನ್ನು ಸೇವಿಸುತ್ತಿದ್ದಳು. ವಾರ್ಡಿನಲ್ಲಿ ಅವಳ ನಡುಕವನ್ನು ಶಮನಗೊಳಿಸಲು, ಆ ಔಷಧದೊಡನೆ ಸೇರಬಾರದ ಪೆಥಿಡೀನನ್ನು ಕೊಡಲಾಯಿತು; ಉದ್ವೇಗ ಹೆಚ್ಚಿದಾಗ ಕೈಕಾಲುಗಳನ್ನು ಕಟ್ಟುವಂತೆ ಆದೇಶವಾಯಿತು. ಅವಳ ಹೊಣೆ ಹೊತ್ತಿದ್ದ ಇಂಟರ್ನ್, ಪದವಿ ಪಡೆದು ವರ್ಷ ತುಂಬದವಳು, ಅದೇ ರಾತ್ರಿ ಇನ್ನೂ ಹತ್ತಾರು ರೋಗಿಗಳನ್ನು ನೋಡುತ್ತಿದ್ದಳು. ಹಿರಿಯ ವೈದ್ಯನು ದೂರವಾಣಿಯ ಇನ್ನೊಂದು ತುದಿಯಲ್ಲಿ ತನ್ನ ಮನೆಯಲ್ಲಿದ್ದನು. ಬೆಳಗಿನ ಹೊತ್ತಿಗೆ ಜ್ವರ ಅತಿಯಾಗಿ ಏರಿ ಹುಡುಗಿ ತೀರಿಕೊಂಡಳು. ಅವಳ ತಂದೆ ಸಿಡ್ನಿ ಝಯಾನ್ ಪತ್ರಕರ್ತನೂ, ಹಿಂದೆ ಸರಕಾರಿ ಅಭಿಯೋಜಕನೂ ಆಗಿದ್ದವನು; ಮಗಳ ಸಾವನ್ನು ವಿಧಿಯೆಂದು ಒಪ್ಪಿಕೊಳ್ಳದೆ ವರ್ಷಗಟ್ಟಲೆ ಹೋರಾಡಿದನು. 1986ರ ಕೊನೆಯಲ್ಲಿ ಮಹಾಪಂಚರ ಮಂಡಲಿ ವೈದ್ಯರ ಮೇಲೆ ಕ್ರಿಮಿನಲ್ ಆರೋಪ ಹೊರಿಸಲು ನಿರಾಕರಿಸಿ, ದೋಷವನ್ನು ಪದ್ಧತಿಯ ಮೇಲೆ ಹೊರಿಸಿತು.

ಅದನ್ನು ಅನುಸರಿಸಿ ವೈದ್ಯ ಬರ್ಟ್ರಂಡ್ ಬೆಲ್ ಅವರ ಅಧ್ಯಕ್ಷತೆಯಲ್ಲಿ ನೇಮಿತವಾದ ಸಮಿತಿಯ ಶಿಫಾರಸುಗಳು 1989ರಲ್ಲಿ ನ್ಯೂಯಾರ್ಕ್ ಪ್ರಾಂತದ ನಿಯಮಗಳಾದವು: ವಾರಕ್ಕೆ 80 ಗಂಟೆಗಳಿಗೆ ಮೀರದ ದುಡಿಮೆ, ಸತತವಾಗಿ 24 ಗಂಟೆಗಳಿಗೆ ಮೀರಬಾರದು, ಜನಸಂದಣಿಯ ತುರ್ತು ವಿಭಾಗದಲ್ಲಿ 12 ಗಂಟೆಗಳಿಗೆ ಮೀರಬಾರದು. ಅಂಕೆಗಳು ಪ್ರಸಿದ್ಧವಾದುವು, ಬೆಲ್ ಅವರು ಕೊನೆಯವರೆಗೂ ಒತ್ತಿ ಹೇಳಿದ ಮಾತು ಮಾತ್ರ ಹಿಂದೆ ಬಿದ್ದಿತು. ಗಂಟೆಗಳಿಗಿಂತ ಮೇಲ್ವಿಚಾರಣೆ ಮುಖ್ಯ, ನಡುರಾತ್ರಿಯಲ್ಲಿ ಕಿರಿಯನ ಪಕ್ಕದಲ್ಲಿ ಅನುಭವಸ್ಥನಾದ ಹಿರಿಯನು ಸಶರೀರನಾಗಿ ಇರಬೇಕು ಎಂಬುದು ಅವರ ಮೂಲ ಅಭಿಪ್ರಾಯ. ಅದಕ್ಕೆ ಹಿರಿಯರು ಇರುಳಿನಲ್ಲಿ ಎಚ್ಚರವಿರಬೇಕಾಗುವುದು, ಹಣ ವೆಚ್ಚವಾಗುವುದು. ಗಂಟೆಗಳ ಮಿತಿಯನ್ನಾದರೋ ಕಾಗದದ ಮೇಲೆ ಪಾಲಿಸಬಹುದು. 2003ರಲ್ಲಿ 80 ಗಂಟೆಗಳ ಮಿತಿ ಅಮೆರಿಕದಾದ್ಯಂತ ವಿಸ್ತರಿಸಿತು. ಮರುವರ್ಷ ಬಾಸ್ಟನ್ನಿನ ತೀವ್ರನಿಗಾ ಘಟಕಗಳಲ್ಲಿ ನಡೆದ ಪ್ರಯೋಗವೊಂದು, ಹಳೆಯ ದೀರ್ಘಪಾಳಿಯ ಇಂಟರ್ನ್‌ಗಳು ಮೊಟಕು ಪಾಳಿಯವರಿಗಿಂತ ಶೇಕಡಾ 36ರಷ್ಟು ಹೆಚ್ಚು ಗಂಭೀರ ತಪ್ಪುಗಳನ್ನು ಮಾಡಿದರೆಂದು ತೋರಿಸಿತು. 2011ರಲ್ಲಿ ಮೊದಲ ವರ್ಷದವರ ಪಾಳಿಯನ್ನು 16 ಗಂಟೆಗಳಿಗೆ ಇಳಿಸಿದರು. 2017ರಲ್ಲಿ ಮತ್ತೆ 24ಕ್ಕೆ ಏರಿಸಿದರು. ಏಕೆಂದರೆ ದೊಡ್ಡ ಪ್ರಮಾಣದಲ್ಲಿ ನಡೆದ ಹೋಲಿಕೆಗಳಲ್ಲಿ, ಪಾಳಿ ಮೊಟಕಾದುದರಿಂದ ರೋಗಿಗಳ ಮರಣಸಂಖ್ಯೆಯಲ್ಲಿ ನಿರೀಕ್ಷಿಸಿದ ವ್ಯತ್ಯಾಸ ಕಾಣಲಿಲ್ಲ.

ಹೀಗೇಕಾಯಿತೆಂಬುದಕ್ಕೆ ತುರ್ತು ವಿಭಾಗದವರು ಬಹುಕಾಲದಿಂದ ಬಲ್ಲ ಒಂದು ಕಾರಣವಿದೆ. ಪಾಳಿ ಮೊಟಕಾದಷ್ಟೂ ಹ್ಯಾಂಡ್ ಓವರ್ ಹೆಚ್ಚುವುದು. ಎಣ್ಣೆಯನ್ನು ಪಾತ್ರೆಯಿಂದ ಪಾತ್ರೆಗೆ ಬಗ್ಗಿಸಿದಾಗ ಪ್ರತಿ ಸಲವೂ ಸ್ವಲ್ಪ ತಳದಲ್ಲಿ ಅಂಟಿಕೊಂಡು ಉಳಿಯುವಂತೆ, ರೋಗಿಯ ವೃತ್ತಾಂತದಲ್ಲಿ ಏನಾದರೊಂದು ಪ್ರತಿ ಬದಲಾವಣೆಯಲ್ಲಿಯೂ ಹಿಂದೆ ಉಳಿಯುವುದು. ಒಂದು ರಕ್ತಪರೀಕ್ಷೆಯ ಫಲಿತಾಂಶ ಬರಬೇಕಾಗಿದ್ದಿತು ಎಂಬ ಮಾತು, ಆ ಮುದುಕನಿಗೆ ಪೆನಿಸಿಲಿನ್ ಆಗದೆಂದು ಮಗಳು ಹೇಳಿದ್ದಳು ಎಂಬ ಮಾತು, ದಣಿದು ಹೊರಡುವವನ ನಾಲಗೆಯಲ್ಲಿಯೇ ನಿಂತುಬಿಡುವುವು. ಅಮೆರಿಕ ಮತ್ತು ಕೆನಡಾದ ಒಂಬತ್ತು ಮಕ್ಕಳ ಆಸ್ಪತ್ರೆಗಳಲ್ಲಿ ಹಸ್ತಾಂತರದ ಮಾತಿಗೆ ಒಂದು ನಿಶ್ಚಿತ ಕ್ರಮವನ್ನು ಕಲಿಸಿ ನೋಡಿದಾಗ ಚಿಕಿತ್ಸೆಯ ತಪ್ಪುಗಳು ಶೇಕಡಾ 23ರಷ್ಟು ಇಳಿದುವೆಂದು 2014ರಲ್ಲಿ ಪ್ರಕಟವಾಯಿತು. ಇಂಥ ಕ್ರಮ ನೆಲೆಯೂರಬೇಕಾದರೆ ಒಬ್ಬರ ಪಾಳಿಯ ಅಂಚು ಇನ್ನೊಬ್ಬರದರ ಮೇಲೆ ಸ್ವಲ್ಪ ಹರಡಿಕೊಳ್ಳುವಂತೆ, ಕುಳಿತು ಮಾತನಾಡಲು ಹೊತ್ತು ಸಿಕ್ಕುವಂತೆ ಮಾಡಬೇಕು; ಅಂದರೆ ಮತ್ತೆ ಜನಬಲದ ಪ್ರಶ್ನೆಯೇ. ಪಾಳಿಗಳನ್ನು ಬೆಳಗಿನಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ಇರುಳಿಗೆ ಮುಂದಕ್ಕೆ ತಿರುಗಿಸುವುದು, ಇರುಳನ್ನು ನಾಲ್ಕು ಗಂಟೆಯ ಹೊತ್ತಿಗೆ ಇಬ್ಬರಿಗೆ ಸೀಳಿಕೊಟ್ಟು ಇಬ್ಬರಿಗೂ ಕತ್ತಲೆಯಲ್ಲಿ ಕೆಲವು ಗಂಟೆ ನಿದ್ರೆ ದೊರಕಿಸುವುದು, ಇಂಥ ಉಪಾಯಗಳೂ ಉಂಟು. ಅವು ಸಾಕಷ್ಟು ಮಂದಿಯಿದ್ದಲ್ಲಿ ಮಾತ್ರ ನಡೆಯುವ ಉಪಾಯಗಳು.

ಯೂರೋಪಿನ ನ್ಯಾಯಾಲಯಗಳು ಈ ವಿಷಯದಲ್ಲಿ ಹೆಚ್ಚು ನೇರವಾಗಿ ನಡೆದುಕೊಂಡವು. ಯೂರೋಪಿಯನ್ ಒಕ್ಕೂಟದ 1993ರ ನಿರ್ದೇಶ ವಾರಕ್ಕೆ ಸರಾಸರಿ 48 ಗಂಟೆಗಳ ಮಿತಿಯನ್ನು ಹಾಕಿದ ಮೇಲೆ, ಆಸ್ಪತ್ರೆಯಲ್ಲಿ ಕರೆಗಾಗಿ ಕಾದು ಮಲಗಿದ ಹೊತ್ತು ವಿಶ್ರಾಂತಿಯೋ ದುಡಿಮೆಯೋ ಎಂಬ ಪ್ರಶ್ನೆ ಎದ್ದಿತು. ಸ್ಪೇನಿನ ವೈದ್ಯರ ಸಂಘದ ಮೊಕದ್ದಮೆಯಲ್ಲಿ 2000ದಲ್ಲಿಯೂ, ಜರ್ಮನಿಯ ಕೀಲ್ ನಗರದ ವೈದ್ಯ ನಾರ್ಬರ್ಟ್ ಯೇಗರ್ ಅವರ ಮೊಕದ್ದಮೆಯಲ್ಲಿ 2003ರಲ್ಲಿಯೂ, ಆಸ್ಪತ್ರೆಯೊಳಗೆ ಹಾಸಿಗೆಯ ಮೇಲಿದ್ದರೂ ಅದು ದುಡಿಮೆಯ ಹೊತ್ತೇ ಎಂದು ಯೂರೋಪಿನ ನ್ಯಾಯಾಲಯ ತೀರ್ಮಾನಿಸಿತು. ಬ್ರಿಟನ್ 2009ರಲ್ಲಿ ತನ್ನ ಕಿರಿಯ ವೈದ್ಯರಿಗೆ ಆ 48ನ್ನು ಅನ್ವಯಿಸಿತು.

ನಮ್ಮಲ್ಲಿ ಚರಿತ್ರೆ ಬೇರೊಂದು ದಿಕ್ಕಿನಿಂದ ಬಂದಿತು. ನ್ಯಾಯಾಲಯಗಳು ಮೊದಲು ಯೋಚಿಸಿದುದು ರೋಗಿಯನ್ನು. ಅಪಘಾತದಲ್ಲಿ ಗಾಯಗೊಂಡವರನ್ನು ಪೋಲೀಸರ ವಿಧಿವಿಧಾನಗಳಿಗೆ ಕಾಯದೆ ಉಪಚರಿಸುವುದು ಪ್ರತಿಯೊಬ್ಬ ವೈದ್ಯನ ಕರ್ತವ್ಯವೆಂದು ಪರಮಾನಂದ ಕಟಾರಾ ಪ್ರಕರಣದಲ್ಲಿ 1989ರಲ್ಲಿ ಸರ್ವೋಚ್ಚ ನ್ಯಾಯಾಲಯ ವಿಧಿಸಿತು. 1992ರಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ಬಂಗಾಳದ ಕೂಲಿಕಾರನೊಬ್ಬನನ್ನು ಕಲ್ಕತ್ತೆಯ ಸರಕಾರಿ ಆಸ್ಪತ್ರೆಗಳು ಒಂದಾದ ಮೇಲೊಂದರಂತೆ ಹಾಸಿಗೆಯಿಲ್ಲವೆಂದು ಹಿಂದಕ್ಕೆ ಕಳುಹಿದ ಪ್ರಕರಣದಲ್ಲಿ, ತುರ್ತು ಚಿಕಿತ್ಸೆ ಒದಗಿಸುವುದು ಸಂವಿಧಾನದ 21ನೆಯ ವಿಧಿಯನ್ವಯ ರಾಜ್ಯದ ಹೊಣೆಯೆಂದು 1996ರಲ್ಲಿ ತೀರ್ಪಾಯಿತು. ಇವು ಅತ್ಯಂತ ಮಾನ್ಯವಾದ ತೀರ್ಪುಗಳು. 2008ರ ರಾಜ್ಯೋತ್ಸವದ ದಿನ ಕರ್ನಾಟಕದಲ್ಲಿ 108ರ ಆರೋಗ್ಯಕವಚ ಆರಂಭವಾಗಿ, ಹಿಂದೆ ಎತ್ತಿನ ಗಾಡಿಯಲ್ಲಿಯೋ ಟೆಂಪೋದಲ್ಲಿಯೋ ಬೆಳಗಾದ ಮೇಲೆ ಬರುತ್ತಿದ್ದ ರೋಗಿಗಳು ನಡುರಾತ್ರಿಯಲ್ಲಿಯೇ ಆಸ್ಪತ್ರೆಯ ಬಾಗಿಲಿಗೆ ಬಂದು ಮುಟ್ಟುವಂತಾಯಿತು. ಮರುವರ್ಷ ಭಾರತೀಯ ವೈದ್ಯಕೀಯ ಪರಿಷತ್ತು ತುರ್ತು ಚಿಕಿತ್ಸೆಯನ್ನು ಪ್ರತ್ಯೇಕ ಶಾಖೆಯೆಂದು ಅಂಗೀಕರಿಸಿತು. ಬಾಗಿಲು ಹೀಗೆ ವಿಶಾಲವಾಗಿ ತೆರೆಯಿತು. ಒಳಗೆ ಇರುಳಿನಲ್ಲಿ ನಿಂತವರ ಸಂಖ್ಯೆ ಆ ಪ್ರಮಾಣದಲ್ಲಿ ಬೆಳೆಯಲಿಲ್ಲ. ಎಷ್ಟೋ ತಾಲ್ಲೂಕು ಆಸ್ಪತ್ರೆಗಳಲ್ಲಿ ರಾತ್ರಿಯ ಡ್ಯೂಟಿ ಡಾಕ್ಟರು ಒಬ್ಬರೇ, ಹೆರಿಗೆಗೂ ಹಾವು ಕಡಿತಕ್ಕೂ ಕೀಟನಾಶಕ ಕುಡಿದವನಿಗೂ ಅವರೇ, ಬೆಳಗಾದರೆ ಹೊರರೋಗಿಗಳ ಸಾಲಿಗೂ ಅವರೇ.

2024ರ ಆಗಸ್ಟಿನಲ್ಲಿ ಕೋಲ್ಕತ್ತದ ಆಸ್ಪತ್ರೆಯೊಂದರಲ್ಲಿ, ದೀರ್ಘಪಾಳಿಯ ನಡುವೆ ವಿಶ್ರಮಿಸಲು ಸಭಾಂಗಣದಲ್ಲಿ ಒರಗಿದ್ದ ತರುಣ ವೈದ್ಯೆಯ ಮೇಲೆ ನಡೆದ ಅತ್ಯಾಚಾರ ಮತ್ತು ಹತ್ಯೆ, ಮಲಗಲು ಒಂದು ಭದ್ರವಾದ ಕೋಣೆಯೂ ಇಲ್ಲದ ಪಾಳಿಯ ಸ್ಥಿತಿಯನ್ನು ದೇಶದ ಮುಂದೆ ಬಯಲುಮಾಡಿತು. ಸತತ 36 ಗಂಟೆಗಳ ಡ್ಯೂಟಿಯ ವಿಷಯವಾಗಿ ಸರ್ವೋಚ್ಚ ನ್ಯಾಯಾಲಯವೇ ಕಳವಳವನ್ನು ವ್ಯಕ್ತಪಡಿಸಿತು. ಆದರೆ ಕಳವಳಕ್ಕೆ ಆಧಾರವಾದ ನಿಯಮ ಅಷ್ಟರೊಳಗೆ ಮೂವತ್ತೆರಡು ವರ್ಷ ಹಳೆಯದಾಗಿದ್ದಿತು. ಕೇಂದ್ರ ಸರಕಾರದ 1992ರ ರೆಸಿಡೆನ್ಸಿ ಯೋಜನೆಯಲ್ಲಿ, ಕಿರಿಯ ರೆಸಿಡೆಂಟರು ಸಾಮಾನ್ಯವಾಗಿ ವಾರಕ್ಕೆ 48 ಗಂಟೆ ದುಡಿಯಬೇಕೆಂದೂ, ಒಂದೇ ಸಮನೆ 12 ಗಂಟೆಗಳಿಗೆ ಮೀರಬಾರದೆಂದೂ ಬರೆದಿದೆ. ಆ ಸಾಮಾನ್ಯವಾಗಿ ಎಂಬುದರ ಮರೆಯಲ್ಲಿ ಎಲ್ಲ ಅಸಾಮಾನ್ಯವೂ ನಡೆದುಹೋಯಿತು. 2023ರ ಸ್ನಾತಕೋತ್ತರ ನಿಯಮಾವಳಿ ಅಂಕೆಯನ್ನೇ ಕೈಬಿಟ್ಟು, ಯುಕ್ತವಾದಷ್ಟು ದುಡಿಮೆ, ಯುಕ್ತವಾದಷ್ಟು ವಿಶ್ರಾಂತಿ ಎಂದು ಹೇಳಿ ಮುಗಿಸಿತು. ಕೋಲ್ಕತ್ತದ ಘಟನೆಗೆ ಕೆಲವೇ ವಾರಗಳ ಮೊದಲು, ವೈದ್ಯವಿದ್ಯಾರ್ಥಿಗಳ ಮಾನಸಿಕ ಆರೋಗ್ಯವನ್ನು ಪರಿಶೀಲಿಸಿದ ರಾಷ್ಟ್ರೀಯ ಕಾರ್ಯಪಡೆ ತನ್ನ ವರದಿಯಲ್ಲಿ, ರೆಸಿಡೆಂಟರ ದುಡಿಮೆ ವಾರಕ್ಕೆ 74 ಗಂಟೆಗಳಿಗೆ ಮೀರಬಾರದು, ವಾರಕ್ಕೊಂದು ದಿನ ರಜೆ ದೊರೆಯಬೇಕು, ಪ್ರತಿದಿನ ಏಳೆಂಟು ಗಂಟೆ ನಿದ್ರೆ ಸಿಕ್ಕಬೇಕು ಎಂದು ಶಿಫಾರಸು ಮಾಡಿದ್ದಿತು. ಕಾರ್ಯಪಡೆಯವರ ಅಂತಃಕರಣ ನಿಜವಾದುದು. ಅವರು ತಮ್ಮೆದುರಿಗಿದ್ದ ಸ್ಥಿತಿಯಲ್ಲಿ ಸಾಧ್ಯವೆಂದು ತೋರಿದ ಪರಿಹಾರವನ್ನು ಕೇಳಿದರು. ಆದರೂ ಎರಡು ಅಂಕೆಗಳನ್ನು ಪಕ್ಕಪಕ್ಕದಲ್ಲಿರಿಸಿ ನೋಡಬೇಕು: 1992ರಲ್ಲಿ ಆದೇಶವಾಗಿದ್ದುದು 48, 2024ರಲ್ಲಿ ಸುಧಾರಣೆಯೆಂದು ಕೇಳಿದುದು 74. ನಡುವಣ 26 ಗಂಟೆಗಳು ಪ್ರತಿ ವಾರವೂ ಯಾವುದೋ ಮಂಜೂರಾಗದ ಹುದ್ದೆಯ ಪಾಲಿನ ಗಂಟೆಗಳು. ಅವನ್ನು ಇಂದಿಗೂ ನಮ್ಮ ಕ್ಯಾಶುಯಾಲ್ಟಿಗಳಲ್ಲಿ ಹೌಸ್ ಸರ್ಜನ್ನರೂ ಪೀಜಿಗಳೂ ತಮ್ಮ ನಿದ್ರೆಯಿಂದ ಕಡಿದು ಕೊಡುತ್ತಿದ್ದಾರೆ.